ಧಣಿಯ ಪುಸ್ತಕ, ನಿಮ್ಮ ಪುಸ್ತಕ: ಬಾಕಿ ಸಂಬಳ ಮತ್ತು ಓವರ್‌ಟೈಮ್ ವಸೂಲಿಗೆ ಮಂಗಳೂರು–ಉಡುಪಿಯ ಕೆಲಸಗಾರರ ಸಮಗ್ರ ಮಾರ್ಗದರ್ಶಿ

ಹಂಪನಕಟ್ಟೆಯ ಆಸುಪಾಸಿನ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಆರು ವರ್ಷ ಲೆಕ್ಕ ಬರೆದಿದ್ದೇನೆ. ಅಲ್ಲಿ ಹಾಜರಿ ಪುಸ್ತಕ ಎರಡಿದ್ದವು. ಒಂದರಲ್ಲಿ ಸೇಲ್ಸ್ ಹುಡುಗಿಯರು ಬೆಳಿಗ್ಗೆ ಒಂಬತ್ತೂವರೆಗೆ ಬಂದು ಸಂಜೆ ಆರೂವರೆಗೆ ಹೋಗುತ್ತಿದ್ದರು. ನಿಜದಲ್ಲಿ ಅವರು ಹೊರಡುವಾಗ ರಾತ್ರಿ ಎಂಟೂವರೆ ದಾಟಿರುತ್ತಿತ್ತು. ಊರಿನ ಕೊನೆಯ ಬಸ್ ಹಿಡಿಯಲು ಅವರು ಸ್ಟೇಟ್ ಬ್ಯಾಂಕ್ ನಿಲ್ದಾಣದ ಕಡೆಗೆ ಓಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಮರುದಿನ ಬೆಳಿಗ್ಗೆ ಕುಳಿತು ‘6.30’ ಎಂದು ಬರೆಯುತ್ತಿದ್ದವನೂ ನಾನೇ.

ಅವರಲ್ಲಿ ಒಬ್ಬಳು ಕೆಲಸ ಬಿಟ್ಟ ಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ಅವಳು ತಂದಿದ್ದು ಮನೆಯ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲೇ ಪ್ರತಿ ರಾತ್ರಿ ಬಸ್ ಹತ್ತಿದ ಹೊತ್ತನ್ನು ಬರೆದಿಟ್ಟಿದ್ದಳು. ಕೆಲವು ದಿನ ಪೆನ್ಸಿಲ್, ಕೆಲವು ದಿನ ನೀಲಿ ಶಾಯಿ, ಜ್ವರ ಬಂದ ಎರಡು ದಿನ ಖಾಲಿ. ನಾನು ಬರೆದ ಪುಸ್ತಕದಲ್ಲಿ ಇಡೀ ತಿಂಗಳು ಒಂದೇ ಪೆನ್ನು, ಒಂದೇ ಸಮಯ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮುಂದಿನ ದಿನಾಂಕಕ್ಕೆ ಮೊದಲೇ ಅಂಗಡಿಯವರು ಬಾಕಿ ಕೊಟ್ಟು ಮುಗಿಸಿದರು. ಆ ಕ್ಯಾಲೆಂಡರ್ ನೋಡಿದ ಮೇಲೆ ಸುಳ್ಳು ಸಮಯ ಬರೆಯಲು ನನ್ನ ಕೈ ಏಳಲಿಲ್ಲ. ಅಲ್ಲಿಂದ ಹೊರಬಂದೆ. ಈಗ ಇಂಥ ಅರ್ಜಿಗಳನ್ನು ಬರೆಯಲು ಜನರಿಗೆ ನೆರವಾಗುತ್ತೇನೆ. ಆ ಅನುಭವದಿಂದ ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನಮ್ಮ ಕರಾವಳಿಯಲ್ಲಿ ಕೆಲಸ ಸಿಗುವುದು ಹೆಚ್ಚಾಗಿ ಗುರುತಿನವರ ಮಾತಿನಿಂದ. ಧಣಿ ಅದೇ ಊರಿನವರು, ಅದೇ ದೈವಸ್ಥಾನದ ಕಾಣಿಕೆ ಪಟ್ಟಿಯಲ್ಲಿರುವವರು, ಮಗಳ ಮದುವೆಗೆ ಸಾಲ ಕೊಟ್ಟವರು. ಹೀಗಾಗಿ ‘ಉಪ್ಪು ತಿಂದ ಮನೆ’ ಎಂಬ ಮಾತು ಬಾಯಿ ಕಟ್ಟಿಬಿಡುತ್ತದೆ. ಸಂಬಳ ಉಪ್ಪಲ್ಲ, ಸಾಲ. ನೀವು ದುಡಿದು ಮುಗಿಸಿದ ಕ್ಷಣದಿಂದ ಮಾಲೀಕರು ನಿಮಗೆ ಸಾಲಗಾರರು. ಇದು ಮನಸ್ಸಿಗೆ ಇಳಿಯದಿದ್ದರೆ ಮುಂದಿನ ಯಾವ ಹೆಜ್ಜೆಯನ್ನೂ ಇಡಲಾಗುವುದಿಲ್ಲ.

ಹೆಜ್ಜೆ 1: ಕಾನೂನು ಏನು ಕೊಟ್ಟಿದೆ, ನಿಮಗೆ ಏನು ಸಿಗುತ್ತಿದೆ

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಂಬಳದ ಮಟ್ಟಿಗೆ ಮುಖ್ಯವಾದದ್ದು 2019ರ ವೇತನ ಸಂಹಿತೆ. ಅದು 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, ಬೋನಸ್ ಕಾಯ್ದೆ, ಸಮಾನ ವೇತನ ಕಾಯ್ದೆ ನಾಲ್ಕರ ಜಾಗಕ್ಕೂ ಬಂದಿದೆ. ಹಳೆಯ ವೇತನ ಪಾವತಿ ಕಾಯ್ದೆಗೆ ಸಂಬಳದ ಮಿತಿಯಿತ್ತು. ಈಗ ಸಂಬಳ ಎಷ್ಟೇ ಇರಲಿ, ಮೇಲ್ವಿಚಾರಕರಾಗಿರಲಿ, ಈ ರಕ್ಷಣೆ ಸಿಗುತ್ತದೆ.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ದಿನಗೂಲಿಯಾದರೆ ಆ ದಿನದ ಕೆಲಸ ಮುಗಿದಾಗ, ವಾರದ ಕೂಲಿಯಾದರೆ ವಾರದ ಕೊನೆಯ ಕೆಲಸದ ದಿನ. ಕೆಲಸ ಬಿಟ್ಟರೂ, ಅವರೇ ತೆಗೆದು ಹಾಕಿದರೂ, ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಮುಂದಿನ ತಿಂಗಳು ಬಂದು ತೆಗೆದುಕೊಂಡು ಹೋಗು’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಸಮಯದ ವಿಚಾರ. ಅಂಗಡಿ, ಹೋಟೆಲ್, ಕಚೇರಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಇದು ರಾಜ್ಯದ ಕಾಯ್ದೆ, ಹೊಸ ಸಂಹಿತೆಗಳು ಇದನ್ನು ತೆಗೆದುಹಾಕಿಲ್ಲ. ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ಪೂರ್ತಿ ರಜೆ, ಸತತ ಐದು ಗಂಟೆ ಕೆಲಸದ ನಂತರ ಒಂದು ಗಂಟೆ ವಿಶ್ರಾಂತಿ ಅದರ ತಿರುಳು. ಬೈಕಂಪಾಡಿಯ ಕಾರ್ಖಾನೆಗಳಲ್ಲೂ, ಗೇರುಬೀಜದ ಫ್ಯಾಕ್ಟರಿಗಳಲ್ಲೂ ವಾರದ ಮಿತಿ 48 ಗಂಟೆಯೇ. ಅದಕ್ಕಿಂತ ಹೆಚ್ಚು ದುಡಿದರೆ ಆ ಗಂಟೆಗಳಿಗೆ ಮಾಮೂಲು ದರದ ಎರಡು ಪಟ್ಟು ಕೊಡಬೇಕು. ಒಂದೂವರೆ ಪಟ್ಟು ಅಲ್ಲ, ‘ರಾತ್ರಿ ಊಟ ಕೊಟ್ಟಿದ್ದೇವಲ್ಲ’ ಅಲ್ಲ.

ದೀಪಾವಳಿಯ ಮುಂಚಿನ ವಾರ ಜವಳಿ ಅಂಗಡಿಗಳಲ್ಲಿ, ಅಷ್ಟಮಿ ಮತ್ತು ಪರ್ಯಾಯದ ಹೊತ್ತಿಗೆ ಉಡುಪಿಯ ಹೋಟೆಲುಗಳಲ್ಲಿ ಕೆಲಸಗಾರರು ಎಷ್ಟು ಹೊತ್ತು ನಿಂತೇ ಇರುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಆ ವಾರಗಳಿಗೂ ವಿನಾಯಿತಿ ಇಲ್ಲ. ಗಣರಾಜ್ಯೋತ್ಸವ, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಸಂಬಳಸಹಿತ ರಜೆಗಳು. ಇವಲ್ಲದೆ ವರ್ಷಕ್ಕೆ ಐದು ಹಬ್ಬದ ರಜೆಗಳೂ ಇವೆ. ಆ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಸಂಬಳ, ಇಲ್ಲವೇ ಸಂಬಳದ ಜೊತೆಗೆ ಬದಲಿ ರಜೆ.

ಕನಿಷ್ಠ ವೇತನವನ್ನು ರಾಜ್ಯ ಸರ್ಕಾರ ಉದ್ಯೋಗವಾರು, ವಲಯವಾರು, ಕುಶಲ–ಅರೆಕುಶಲ–ಅಕುಶಲ ಎಂದು ವಿಂಗಡಿಸಿ ನಿಗದಿ ಮಾಡುತ್ತದೆ. ತುಟ್ಟಿಭತ್ಯೆ ಪ್ರತಿವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಉದ್ಯೋಗದ ಪಟ್ಟಿ ತೆಗೆದು ಮುದ್ರಿಸಿಟ್ಟುಕೊಳ್ಳಿ. ಬೀಡಿಗೆ ದರ ಸಾವಿರಕ್ಕೆ ಇಷ್ಟು ಎಂದಿರುತ್ತದೆ. ಮನೆಯಲ್ಲೇ ಕುಳಿತು ಕಟ್ಟುವ ಹೆಂಗಸರೂ 1966ರ ಬೀಡಿ ಕಾರ್ಮಿಕರ ಕಾಯ್ದೆಯ ಕಾಲದಿಂದಲೇ ಕಾನೂನಿನ ಕಣ್ಣಿಗೆ ಕಾರ್ಮಿಕರು. ‘ನೀವು ನಮ್ಮ ಕೆಲಸದವರಲ್ಲ, ಎಲೆ ಒಯ್ದು ಬೀಡಿ ತರುವವರು’ ಎಂದು ಗುತ್ತಿಗೆದಾರರು ಹೇಳಿದರೆ ನಂಬಬೇಡಿ.

ಇನ್ನು ಕಡಿತ. ಲೋಟ ಒಡೆಯಿತು, ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಕ್ಯಾಶ್ ಕಡಿಮೆ ಬಂತು, ಹತ್ತು ನಿಮಿಷ ತಡವಾಯಿತು ಎಂದೆಲ್ಲ ಸಂಬಳ ಹಿಡಿಯುವುದು ನಮ್ಮಲ್ಲಿ ಮಾಮೂಲು. ನಷ್ಟಕ್ಕೆ ಹಣ ಹಿಡಿಯುವ ಮುನ್ನ ನಿಮ್ಮ ವಿವರಣೆ ಕೇಳಲೇಬೇಕು, ನಷ್ಟ ನಿಮ್ಮ ನಿರ್ಲಕ್ಷ್ಯದಿಂದಲೇ ಆಗಿರಬೇಕು. ದಂಡ ಆ ಅವಧಿಯ ಸಂಬಳದ ಶೇಕಡ 3ನ್ನು ಮೀರುವಂತಿಲ್ಲ. ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ದಾಟುವಂತಿಲ್ಲ.

ಹೆಜ್ಜೆ 2: ನಿಮ್ಮದೇ ಪುಸ್ತಕ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಜಗಳ ಶುರುವಾಗುವ ಮುನ್ನವೇ ಇದನ್ನು ಶುರು ಮಾಡಬೇಕು. ಸಾಲಿಗ್ರಾಮದ ಜಾತ್ರೆಯಲ್ಲಿ ಕೊಂಡ ಚಿಕ್ಕ ನೋಟ್‌ಬುಕ್ ಆದರೂ ಸರಿ, ಗೋಡೆಯ ಕ್ಯಾಲೆಂಡರ್ ಆದರೂ ಸರಿ. ಬಂದ ಹೊತ್ತು, ಊಟಕ್ಕೆ ಬಿಟ್ಟ ಹೊತ್ತು, ಹೊರಟ ಹೊತ್ತು, ಆ ದಿನ ಜೊತೆಗಿದ್ದ ಇಬ್ಬರ ಹೆಸರು. ಹಣ ಬಂದರೆ ಎಷ್ಟು, ಯಾವಾಗ, ಯಾರ ಕೈಯಿಂದ. ಅಂದಿನದನ್ನು ಅಂದೇ ಬರೆಯಿರಿ. ಆರು ತಿಂಗಳ ಲೆಕ್ಕವನ್ನು ಒಂದೇ ಸಲ ಕುಳಿತು ಬರೆದರೆ ಅದು ಗೊತ್ತಾಗುತ್ತದೆ. ನನ್ನ ಪುಸ್ತಕ ಸಿಕ್ಕಿಬಿದ್ದದ್ದೂ ಹಾಗೆಯೇ.

ಇದರ ಬೆಂಬಲಕ್ಕೆ ಏನೇನು ಸಿಗುತ್ತದೋ ಎಲ್ಲವನ್ನೂ ಕೂಡಿಡಿ. ‘ನಾಳೆ ಏಳಕ್ಕೇ ಬಾ’ ಎಂಬ ವಾಟ್ಸ್‌ಆ್ಯಪ್ ಸಂದೇಶ, ಬಸ್ ಟಿಕೆಟ್, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ, ಸಮವಸ್ತ್ರದಲ್ಲಿ ಅಂಗಡಿಯೊಳಗೆ ತೆಗೆದ ಚಿತ್ರ. ಬಸ್ಸಿನ ಚಾಲಕ, ನಿರ್ವಾಹಕರಾದರೆ ಟ್ರಿಪ್ ಶೀಟಿನ ಚಿತ್ರ ತೆಗೆದಿಡಿ. ಬೆಳಗಿನ ಮೊದಲ ಟ್ರಿಪ್‌ನಿಂದ ರಾತ್ರಿಯ ಕೊನೆಯ ಟ್ರಿಪ್‌ವರೆಗಿನ ಇಡೀ ದಿನ ಅದರಲ್ಲಿರುತ್ತದೆ. ಬೀಡಿ ಕಟ್ಟುವವರು ಲಾಗ್‌ಬುಕ್ಕನ್ನು ಬ್ರಾಂಚಿನಲ್ಲಿ, ಅಂದರೆ ಎಲೆ ಕೊಟ್ಟು ಬೀಡಿ ಪಡೆಯುವ ಕೇಂದ್ರದಲ್ಲಿ, ಬಿಟ್ಟು ಬರಬೇಡಿ. ಕೊಟ್ಟ ಬೀಡಿ ಎಷ್ಟು, ‘ಸರಿ ಇಲ್ಲ’ ಎಂದು ತೆಗೆದದ್ದು ಎಷ್ಟು, ಎರಡನ್ನೂ ಆಗಲೇ ಬರೆಸಿಕೊಳ್ಳಿ. ಮಲ್ಪೆಯ ದಕ್ಕೆಯಲ್ಲಿ ಬೋಟಿಗೆ ಹೋಗುವವರ ಲೆಕ್ಕ ಪಾಲಿನದು, ಸ್ವಲ್ಪ ಸಿಕ್ಕು. ಹೊರಟ ದಿನ, ಬಂದ ದಿನ, ಮೀನು ಮಾರಾಟವಾದ ಮೊತ್ತ, ಕೈಗೆ ಬಂದ ಪಾಲು ನಾಲ್ಕನ್ನಾದರೂ ಬರೆದಿಡಿ.

ನೇಮಕಾತಿ ಪತ್ರವನ್ನು ಕೇಳಿ ಪಡೆಯಿರಿ. ಅಂಗಡಿ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನಗಳೊಳಗೆ ಕೊಡಬೇಕು. ಸಂಬಳದ ಚೀಟಿಯೂ ನಿಮ್ಮ ಹಕ್ಕು. ಕೊಡದಿದ್ದರೆ ನಿಮ್ಮ ದಾವೆ ಸಾಯುವುದಿಲ್ಲ. ದಾಖಲೆ ಇಡಬೇಕಾದದ್ದು ಮಾಲೀಕರ ಕರ್ತವ್ಯ, ಇಡದಿದ್ದರೆ ಅದೇ ಒಂದು ತಪ್ಪು. ಅದಕ್ಕಿಂತ ದೊಡ್ಡ ಮಾತು: ಸಂಬಳ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ, ಅಕ್ರಮವಾಗಿ ಹಿಡಿದಿದ್ದಾರೆ ಎಂದು ನೀವು ದಾವೆ ಹಾಕಿದರೆ, ಕೊಟ್ಟಿದ್ದೇವೆ ಎಂದು ಸಾಬೀತುಪಡಿಸುವ ಹೊಣೆಯನ್ನು ವೇತನ ಸಂಹಿತೆ ಮಾಲೀಕರ ಮೇಲೆಯೇ ಹಾಕಿದೆ. ಬಹಳ ಜನರಿಗೆ ಇದು ಗೊತ್ತಿಲ್ಲ. ‘ನನ್ನ ಹತ್ತಿರ ಏನೂ ಕಾಗದವಿಲ್ಲ’ ಎಂದು ಸುಮ್ಮನಾಗಿಬಿಡುತ್ತಾರೆ. ಆದರೆ ಅಲ್ಲಿ ಕೆಲಸ ಮಾಡಿದ್ದೀರಿ, ಇಷ್ಟು ಹೊತ್ತು ಮಾಡಿದ್ದೀರಿ ಎಂದು ಮೊದಲು ಕಾಣಿಸಬೇಕಾದವರು ನೀವೇ. ನಿಮ್ಮ ಪುಸ್ತಕ ಬೇಕಾಗುವುದು ಅಲ್ಲಿಗೆ.

ಒಂದು ಎಚ್ಚರಿಕೆ. ಅಂಕಪಟ್ಟಿ, ನರ್ಸಿಂಗ್ ಪ್ರಮಾಣಪತ್ರಗಳ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ವಾಪಸ್ ತನ್ನಿ.

ಹೆಜ್ಜೆ 3: ಬಾಕಿ ಎಷ್ಟೆಂದು ಲೆಕ್ಕ ಹಾಕಿ

‘ತುಂಬಾ ಬಾಕಿ ಇದೆ ಸಾರ್’ ಎಂದರೆ ಯಾವ ಕಚೇರಿಯೂ ಕದಲುವುದಿಲ್ಲ. ಅಂಕಿ ಹೇಳಿದರೆ ಕದಲುತ್ತದೆ. ತಿಂಗಳಿಗೆ 15,600 ರೂಪಾಯಿ ಸಂಬಳ ಎಂದುಕೊಳ್ಳಿ. ವಾರದ ರಜೆ ಬಿಟ್ಟು ತಿಂಗಳಿಗೆ 26 ಕೆಲಸದ ದಿನ ಎಂದು ಭಾಗಿಸಿದರೆ ದಿನಕ್ಕೆ 600. ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 75. ಎರಡು ಪಟ್ಟು ಎಂದರೆ 150. ಊಟದ ಬಿಡುವು ಕಳೆದು ದಿನಕ್ಕೆ ಹತ್ತು ಗಂಟೆ ದುಡಿದಿದ್ದರೆ ಹೆಚ್ಚುವರಿ ಎರಡು ಗಂಟೆ, 26 ದಿನಕ್ಕೆ 52 ಗಂಟೆ. ತಿಂಗಳಿಗೆ 7,800 ರೂಪಾಯಿ. ವರ್ಷಕ್ಕೆ 93,600.

ಈ ಮೊತ್ತ ನೋಡಿ ಸುಮ್ಮನೆ ಕುಳಿತುಬಿಟ್ಟವರನ್ನು ನಾನು ಕಂಡಿದ್ದೇನೆ. ದಿನಕ್ಕೆ ಎರಡು ಗಂಟೆ ಎಂದರೆ ಏನು ಮಹಾ ಎಂದುಕೊಂಡಿದ್ದವರು ಅವರು.

ನಿಮ್ಮ ಸಂಬಳ ಕನಿಷ್ಠ ವೇತನಕ್ಕಿಂತ ಕಡಿಮೆಯಿದ್ದರೆ, ಮೊದಲು ಆ ವ್ಯತ್ಯಾಸವನ್ನು ತಿಂಗಳುವಾರು ಬರೆಯಿರಿ. ಓವರ್‌ಟೈಮ್ ಲೆಕ್ಕವನ್ನು ಕನಿಷ್ಠ ವೇತನದ ದರದ ಮೇಲೆ ಹಾಕಿ, ಸಿಕ್ಕ ಸಂಬಳದ ಮೇಲಲ್ಲ. ಅಕ್ರಮ ಕಡಿತ, ರಜೆ ದಿನದ ಕೆಲಸ, ಬೋನಸ್ ಪ್ರತಿಯೊಂದಕ್ಕೂ ಬೇರೆ ಸಾಲು. 20 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ವರ್ಷಕ್ಕೆ 30 ದಿನ ಕೆಲಸ ಮಾಡಿದವರಿಗೆ, ಸಂಬಳ ನಿಗದಿತ ಮಿತಿಯೊಳಗಿದ್ದರೆ ಕನಿಷ್ಠ ಶೇಕಡ 8.33 ಬೋನಸ್ ಸಿಗಬೇಕು.

ಹೆಜ್ಜೆ 4: ಮೊದಲು ಮಾಲೀಕರಿಗೆ ಒಂದು ಪತ್ರ

ಇದು ಕಡ್ಡಾಯವಲ್ಲ, ಆದರೂ ಬರೆಯಿರಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಬೈಗುಳ ಬೇಡ, ಕಣ್ಣೀರೂ ಬೇಡ. ಇಷ್ಟು ಸಾಕು:

“ನಾನು ದಿನಾಂಕ … ರಿಂದ ತಮ್ಮ ಸಂಸ್ಥೆಯಲ್ಲಿ … ಕೆಲಸ ಮಾಡುತ್ತಿದ್ದೇನೆ. ನನ್ನ ಮಾಸಿಕ ವೇತನ … ರೂಪಾಯಿ. … ತಿಂಗಳಿಂದ … ತಿಂಗಳವರೆಗಿನ ವೇತನ … ರೂಪಾಯಿ ಹಾಗೂ ಇದೇ ಅವಧಿಯ … ಗಂಟೆಗಳ ಹೆಚ್ಚುವರಿ ಕೆಲಸದ ವೇತನ … ರೂಪಾಯಿ ನನಗೆ ಪಾವತಿಯಾಗಿಲ್ಲ. ವಿವರವಾದ ಲೆಕ್ಕವನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 10 ದಿನಗಳೊಳಗೆ ಬಾಕಿ ಪಾವತಿಸಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ವೇತನ ಸಂಹಿತೆಯಡಿ ಸಕ್ಷಮ ಪ್ರಾಧಿಕಾರಕ್ಕೆ ದಾವೆ ಸಲ್ಲಿಸುತ್ತೇನೆ.”

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಜೋಪಾನವಾಗಿಡಿ. ವಾಟ್ಸ್‌ಆ್ಯಪ್‌ನಲ್ಲೂ ಅದರ ಚಿತ್ರ ಕಳಿಸಿ, ಎರಡು ನೀಲಿ ಗೆರೆ ಬಂದ ಮೇಲೆ ಆ ಪರದೆಯ ಚಿತ್ರ ತೆಗೆದಿಡಿ. ಸಹೋದ್ಯೋಗಿಗಳಿಗೂ ಬಾಕಿಯಿದ್ದರೆ ಒಟ್ಟಿಗೆ ಹೋಗಿ. ಎಷ್ಟೇ ಜನರಿದ್ದರೂ ಒಂದೇ ಅರ್ಜಿ ಸಲ್ಲಿಸಲು ಕಾನೂನು ಒಪ್ಪುತ್ತದೆ, ನೀವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘವೂ ನಿಮ್ಮ ಪರ ಸಲ್ಲಿಸಬಹುದು. ಬೀಡಿ, ಹಂಚು, ಗೇರುಬೀಜದ ಕಾರ್ಖಾನೆಗಳಲ್ಲಿ ಬೆಳೆದ ಹಳೆಯ ಸಂಘಗಳು ನಮ್ಮ ಎರಡೂ ಜಿಲ್ಲೆಗಳಲ್ಲಿವೆ. ಅಂಗಡಿ, ಆಸ್ಪತ್ರೆ, ಹೋಟೆಲುಗಳಲ್ಲಿ ದುಡಿಯುವವರು ಅಲ್ಲಿಗೆ ಹೋಗಿ ಕೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ.

ಹೆಜ್ಜೆ 5: ಎಲ್ಲಿಗೆ ಹೋಗಬೇಕು

ದಕ್ಷಿಣ ಕನ್ನಡದವರು ಮಂಗಳೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ, ಉಡುಪಿಯವರು ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿಗೆ. ಉಡುಪಿಯಲ್ಲಿ ದಾರಿ ತಿಳಿಯದಿದ್ದರೆ ಮಣಿಪಾಲದ ರಜತಾದ್ರಿಯಲ್ಲಿ (ಜಿಲ್ಲಾಧಿಕಾರಿ ಕಚೇರಿಯ ಸಂಕೀರ್ಣ) ವಿಚಾರಿಸಿ. ತಾಲೂಕುಗಳಲ್ಲಿ ಕಾರ್ಮಿಕ ನಿರೀಕ್ಷಕರಿರುತ್ತಾರೆ. ಹೊರಡುವ ಮುನ್ನ ಇಲಾಖೆಯ ಸಹಾಯವಾಣಿ 155214ಕ್ಕೆ ಕರೆ ಮಾಡಿ, ನಿಮ್ಮ ಉದ್ಯೋಗ ಮತ್ತು ಊರು ಹೇಳಿ ಯಾವ ಅಧಿಕಾರಿಯ ವ್ಯಾಪ್ತಿ ಎಂದು ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಕಾರ್ಖಾನೆಯ ಕೆಲಸದ ಸಮಯದ ದೂರಿಗೆ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಯೂ ಇದೆ.

ಪಣಂಬೂರಿನ ನವಮಂಗಳೂರು ಬಂದರು, ವಿಮಾನ ನಿಲ್ದಾಣ, ರೈಲ್ವೆ, ಬ್ಯಾಂಕ್, ಕೇಂದ್ರದ ಸಾರ್ವಜನಿಕ ಉದ್ಯಮಗಳು, ಅಲ್ಲಿನ ಗುತ್ತಿಗೆ ಕೆಲಸಗಾರರು ಸೇರಿ, ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿಗೆ ಬರುತ್ತವೆ. ರಾಜ್ಯದ ಕಚೇರಿಯಲ್ಲಿ ಅರ್ಜಿ ಕೊಟ್ಟು ಮೂರು ತಿಂಗಳ ನಂತರ ‘ಇದು ನಮ್ಮದಲ್ಲ’ ಎನಿಸಿಕೊಳ್ಳುವುದಕ್ಕಿಂತ ಮೊದಲೇ ಕೇಳಿಕೊಳ್ಳಿ.

ಅರ್ಜಿಯಲ್ಲಿ ಮಾಲೀಕರ ಪೂರ್ತಿ ಹೆಸರು, ವಿಳಾಸ, ನೀವು ಸೇರಿದ ದಿನ, ಬಾಕಿಯ ಅವಧಿ, ಮೊತ್ತ, ಕೊನೆಯಲ್ಲಿ ಪರಿಹಾರದ ಕೋರಿಕೆ ಇರಲಿ. ಕೊನೆಯದನ್ನು ಮರೆಯಬೇಡಿ: ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕೆ, ಅಂದರೆ ಇಂಥ ದಾವೆ ತೀರ್ಮಾನಿಸಲು ಸರ್ಕಾರ ನೇಮಿಸಿದ ಅಧಿಕಾರಿಗೆ, ಇದೆ. ಎಲ್ಲರಿಗೂ ಅಷ್ಟು ಸಿಗುತ್ತದೆ ಎಂದಲ್ಲ, ಕೇಳದವರಿಗೆ ಯಾರೂ ತಾವಾಗಿ ಕೊಡುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಕಾಲಿಡಬೇಡಿ.

ಗಡುವು ಮೂರು ವರ್ಷ. ತಕ್ಕ ಕಾರಣವಿದ್ದರೆ ತಡವಾದದ್ದನ್ನೂ ಮನ್ನಿಸಬಹುದು. ಆದರೆ ಹಳೆಯ ಕಾಯ್ದೆಗಳಲ್ಲಿ ಈ ಗಡುವು ತೀರ ಚಿಕ್ಕದಿತ್ತು: ಕನಿಷ್ಠ ವೇತನದ ದಾವೆಗೆ 6 ತಿಂಗಳು, ಸಂಬಳ ಬಾಕಿಗೆ 12 ತಿಂಗಳು. ಸಂಹಿತೆ ಜಾರಿಗೆ ಬರುವ ಮುಂಚಿನ ಬಾಕಿಗೆ ಎದುರು ವಕೀಲರು ಆ ಹಳೆಯ ಗಡುವನ್ನೇ ಎತ್ತಬಹುದು. ಅದಕ್ಕಾಗಿ ‘ಮಳೆಗಾಲ ಕಳೆಯಲಿ, ಗದ್ದೆ ಕೆಲಸ ಮುಗಿಯಲಿ’ ಎಂದು ಮುಂದೂಡಬೇಡಿ.

ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎರಡೂ ಜಿಲ್ಲೆಗಳಲ್ಲಿದೆ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು.

ಹೆಜ್ಜೆ 6: ವಿಚಾರಣೆಯ ದಿನ

ನೋಟಿಸ್ ಹೋಗುತ್ತದೆ, ಮಾಲೀಕರ ಕಡೆಯವರು ಮೊದಲ ಸಲ ಬಹುಶಃ ಬರುವುದಿಲ್ಲ. ನೀವು ಪ್ರತಿ ದಿನಾಂಕಕ್ಕೂ ಹೋಗಬೇಕು. ನೀವು ಹೋಗದ ದಿನ ಅರ್ಜಿಯೇ ವಜಾ ಆಗಬಹುದು. ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ, ಅದಕ್ಕಿಂತ ಹೆಚ್ಚು ಹಿಡಿದರೆ ಎದೆಗುಂದಬೇಡಿ. ಮಾಲೀಕರ ಹಾಜರಿ ಪುಸ್ತಕ, ವೇತನ ಪುಸ್ತಕಗಳನ್ನು ತರಿಸಬೇಕೆಂದು ಲಿಖಿತವಾಗಿ ಕೋರಿ. ಬಂದಾಗ ಚೆನ್ನಾಗಿ ನೋಡಿ. ನೀವು ರಜೆ ಹಾಕಿದ ದಿನ ‘ಹಾಜರಿ’ ಎಂದಿದೆಯೇ? ನಿಮ್ಮ ಸಹಿಯಂತೆ ಯಾರೋ ಗೀಚಿದ್ದಾರೆಯೇ? ತಿಂಗಳಿಡೀ ಒಂದೇ ಶಾಯಿಯೇ? ಸುಳ್ಳು ಪುಸ್ತಕ ಬರೆಯುವವನು ಜ್ವರ, ಮದುವೆ, ಬಸ್ ಮುಷ್ಕರಗಳನ್ನು ಮರೆಯುತ್ತಾನೆ.

ಗುತ್ತಿಗೆದಾರರು ನಾಪತ್ತೆಯಾಗಿದ್ದರೆ, ಯಾರ ಆವರಣದಲ್ಲಿ ದುಡಿದಿರೋ ಆ ಮೂಲ ಸಂಸ್ಥೆಯೇ ಸಂಬಳಕ್ಕೆ ಹೊಣೆ. ಮೊದಲೇ ಅರ್ಜಿಯಲ್ಲಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಒಡಿಶಾ, ಜಾರ್ಖಂಡ್, ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ಕಟ್ಟಡ, ಬೋಟುಗಳಲ್ಲಿ ದುಡಿಯುವವರಿಗೂ ಇದೇ ಕಾನೂನು. ಮುಂಗಡ ಕೊಟ್ಟು, ತೀರುವವರೆಗೆ ಬಿಡುವುದಿಲ್ಲ ಎಂದು ಹಿಡಿದಿಟ್ಟಿದ್ದರೆ ಅದು 1976ರ ಕಾಯ್ದೆ ನಿಷೇಧಿಸಿದ ಜೀತ. ಅಂಥದ್ದಕ್ಕೆ ಜಿಲ್ಲಾಧಿಕಾರಿಗಳಿಗೇ ದೂರು ಕೊಡಿ, ಬೇರೆ ರಾಜ್ಯದವರಿಗೆ ಕನ್ನಡದಲ್ಲಿ ಬರೆಯಲು ನೀವು ನೆರವಾಗಿ.

ಸಂಬಳದಿಂದ ಪಿಎಫ್ (ಭವಿಷ್ಯ ನಿಧಿ) ಹಿಡಿದು ಕಟ್ಟದಿರುವುದು ಬೇರೆಯೇ ಅಪರಾಧ. ಯುಎಎನ್‌ಗೆ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯಲ್ಲಿರುವ ಮೊತ್ತದ ಸಂದೇಶ ಬರುತ್ತದೆ. ಸಂಬಳ ಚೀಟಿಯಲ್ಲಿ ಕಡಿತ ಇದ್ದು ಖಾತೆಯಲ್ಲಿ ಇಲ್ಲದಿದ್ದರೆ ಮಂಗಳೂರು ಅಥವಾ ಉಡುಪಿಯ ಭವಿಷ್ಯ ನಿಧಿ ಕಚೇರಿಗೆ ಎರಡನ್ನೂ ಲಗತ್ತಿಸಿ ದೂರು ಕೊಡಿ.

ಕೆಲಸದಿಂದ ತೆಗೆದರೆ

ಎಲ್ಲರ ಮನಸ್ಸಿನಲ್ಲಿರುವ ಭಯ ಇದೇ. ಅದು ಸುಳ್ಳು ಭಯ ಎಂದು ನಾನು ಹೇಳುವುದಿಲ್ಲ, ತೆಗೆದುಹಾಕಿದ್ದನ್ನು ಕಂಡಿದ್ದೇನೆ. ಆರು ತಿಂಗಳು ಸತತ ಸೇವೆ ಮಾಡಿದ ಅಂಗಡಿ ನೌಕರರನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳವಿಲ್ಲದೆ ತೆಗೆಯುವಂತಿಲ್ಲ. ನೀವು ವ್ಯವಸ್ಥಾಪಕರಲ್ಲ, ಕಾನೂನಿನ ಅರ್ಥದಲ್ಲಿ ಕಾರ್ಮಿಕರು ಎಂದಾದರೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಗೆ ದೂರು ಕೊಡಿ. 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು, ತೆಗೆದ ದಿನದಿಂದ ಎರಡು ವರ್ಷದೊಳಗೆ. ‘ನಾಳೆಯಿಂದ ಬರಬೇಡ’ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಅದೇ ದಿನ ಸಂದೇಶ ಕಳಿಸಿ: ‘ತಾವು ಇಂದು ಬರಬೇಡವೆಂದು ಹೇಳಿದ್ದೀರಿ, ನಾನು ಕೆಲಸಕ್ಕೆ ಸಿದ್ಧನಿದ್ದೇನೆ.’ ಇಲ್ಲದಿದ್ದರೆ ಮುಂದೆ ‘ಅವನೇ ಬಿಟ್ಟುಹೋದ’ ಎನ್ನುತ್ತಾರೆ. ಕೋಪದಲ್ಲಿ ರಾಜೀನಾಮೆ ಬರೆದುಕೊಡಬೇಡಿ.

ಆದೇಶ ಬಂದ ಮೇಲೆ

ಆದೇಶವಾದರೂ ಮಾಲೀಕರು ಕಟ್ಟದಿದ್ದರೆ, ವಸೂಲಿ ಪ್ರಮಾಣಪತ್ರ ಕೊಡಬೇಕೆಂದು ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಅದು ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಪ್ರಮಾಣಪತ್ರದ ಸಂಖ್ಯೆ ಹಿಡಿದು ತಾಲೂಕು ಕಚೇರಿಯಲ್ಲಿ ವಿಚಾರಿಸುತ್ತಿರಿ, ಕಡತ ತಾನಾಗಿ ನಡೆಯುವುದಿಲ್ಲ. ಆದೇಶ ನಿಮ್ಮ ವಿರುದ್ಧ ಬಂದಿದ್ದರೆ 90 ದಿನಗಳೊಳಗೆ ಮೇಲ್ಮನವಿ. ಕಡಿಮೆ ಸಂಬಳ ಕೊಟ್ಟ ಅಪರಾಧಕ್ಕೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ, ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ.

ಹೆಚ್ಚಿನವು ಅಲ್ಲಿಯವರೆಗೆ ಹೋಗುವುದಿಲ್ಲ, ನಡುವೆಯೇ ರಾಜಿಯ ಮಾತು ಬರುತ್ತದೆ. ಊರ ಹಿರಿಯರೊಬ್ಬರು ಮನೆಗೆ ಬಂದು ಚಾ ಕುಡಿದು ಅರ್ಧಕ್ಕೆ ಒಪ್ಪಿಸಲು ನೋಡುತ್ತಾರೆ. ಒಪ್ಪುವುದು ಬಿಡುವುದು ನಿಮ್ಮ ಇಷ್ಟ, ಹೆಜ್ಜೆ 3ರ ಲೆಕ್ಕದ ಹಾಳೆಯನ್ನು ಮಾತ್ರ ಎದುರಿಗಿಟ್ಟುಕೊಂಡೇ ಮಾತನಾಡಿ. ಒಪ್ಪಿದರೆ ಅಧಿಕಾರಿಯ ಮುಂದೆಯೇ ಬರೆಸಿ. ‘ನನಗೆ ಯಾವ ಬಾಕಿಯೂ ಇಲ್ಲ, ಮುಂದೆ ಏನೂ ಕೇಳುವುದಿಲ್ಲ’ ಎಂದು ಮೊದಲೇ ಬರೆಸಿಕೊಂಡ ಕಾಗದಕ್ಕೆ, ವೇತನ ಸಂಹಿತೆ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳುವ ಮಟ್ಟಿಗೆ, ಬೆಲೆಯಿಲ್ಲ. ಆದರೂ ಆ ವಾದ ಮಾಡಿ ಗೆಲ್ಲಲು ಇನ್ನೊಂದು ವರ್ಷ ಬೇಕಾದೀತು. ಖಾಲಿ ಹಾಳೆಗೆ, ಮೊತ್ತ ಬರೆಯದ ವೋಚರಿಗೆ ಸಹಿ ಹಾಕಬೇಡಿ. ಹಣ ಬ್ಯಾಂಕಿಗೆ ಬಂದಿದೆ ಎಂಬ ಸಂದೇಶ ಮೊಬೈಲಿನಲ್ಲಿ ಕಂಡ ಮೇಲೆ ಪೆನ್ನು ಎತ್ತಿಕೊಳ್ಳಿ, ಸಹಿಯ ಕೆಳಗೆ ದಿನಾಂಕವನ್ನು ನಿಮ್ಮ ಕೈಯಿಂದಲೇ ಬರೆಯಿರಿ.